ಬೀದಿಯಲ್ಲಿ ನಡೆದು ಸ್ಕ್ರೀನ್ ತಿದ್ದುವುದು: ಯುಎಕ್ಸ್ (ಬಳಕೆದಾರರ ಅನುಭವದ ವಿನ್ಯಾಸ) ಕೆಲಸದವರಿಗೆ ಹಂತ ಹಂತದ ಮಾರ್ಗದರ್ಶಿ

ನಗರದಲ್ಲಿ ನಡೆದು ನೋಡಿ, ಆ್ಯಪ್ ವಿನ್ಯಾಸಕ್ಕೆ ಬೇಕಾದ್ದು ಅಲ್ಲೇ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ತಂಡಗಳು ಮಾಡುವುದು ಹೆಚ್ಚುಕಮ್ಮಿ ಒಂದೇ ಕೆಲಸ. ಶನಿವಾರ ಬೆಳಿಗ್ಗೆ ಕೆ.ಆರ್. ಮಾರ್ಕೆಟ್‌ಗೆ ಹೋಗುತ್ತಾರೆ, ಹೂವಿನ ರಾಶಿಯ ಫೋಟೊ ತೆಗೆಯುತ್ತಾರೆ, ದೋಸೆ ತಿಂದು ಕಾಫಿ ಕುಡಿದು ಬರುತ್ತಾರೆ. ಸೋಮವಾರ ಆಫೀಸಿನ ಗೋಡೆ ತುಂಬ ಬಣ್ಣದ ಚೀಟಿ. ತಿಂಗಳು ಕಳೆದ ಮೇಲೆ ನೋಡಿದರೆ ಆ್ಯಪ್‌ನಲ್ಲಿ ಒಂದು ಬಟನ್ ಕೂಡ ಅಲ್ಲಾಡಿರುವುದಿಲ್ಲ.

ಇವರೆಲ್ಲ ಎಡವುವುದು ಒಂದೇ ಕಲ್ಲಿಗೆ. ನೋಡಿದ್ದನ್ನು ಬರೆದುಕೊಂಡಿರುತ್ತಾರೆ, ನಿರ್ಧಾರಗಳನ್ನು ಬರೆದುಕೊಂಡಿರುವುದಿಲ್ಲ. ಬೀದಿಯಲ್ಲಿ ನಮಗೆ ಬೇಕಾದ ವಸ್ತು ಇರುವುದು ಕಾಲು ನಿಂತ ಜಾಗದಲ್ಲಿ. ಎಡಕ್ಕೋ ಬಲಕ್ಕೋ ಎಂದು ಒಬ್ಬರು ತಡೆದು ನಿಂತ ಆ ಎರಡು ಮೂರು ಸೆಕೆಂಡುಗಳಲ್ಲಿ. ಅದನ್ನು ಹಿಡಿಯುವುದು ಹೇಗೆ, ಹಿಡಿದದ್ದನ್ನು ಕೆಡಿಸದೆ ಸ್ಕ್ರೀನಿನವರೆಗೆ ತರುವುದು ಹೇಗೆ ಎಂಬುದಷ್ಟೇ ಇಲ್ಲಿರುವುದು.

ಉದಾಹರಣೆಗೆಂದು ಒಂದು ಕಾಲ್ಪನಿಕ ಕೆಲಸ ಇಟ್ಟುಕೊಳ್ಳೋಣ: ಬೆಂಗಳೂರಿನಿಂದ ಬೇರೆ ಊರುಗಳಿಗೆ ಹೋಗುವ ಬಸ್ಸುಗಳ ಟಿಕೆಟ್ ಬುಕಿಂಗ್ ಆ್ಯಪ್. ನಡೆಯುವ ದಾರಿ, ಮೆಜೆಸ್ಟಿಕ್‌ನಿಂದ ಕೆ.ಆರ್. ಮಾರ್ಕೆಟ್.

## ಹೊರಡುವ ಮೊದಲು: ಬೇಕಾದ ಸಾಮಾನು

ಜೇಬಿನಲ್ಲಿ ಹಿಡಿಯುವ ಸಣ್ಣ ಪುಸ್ತಕ, ಎರಡು ಪೆನ್ನು, ಕೈಗಡಿಯಾರ, ನೀರು, ಹಿಡಿತ ಇರುವ ಚಪ್ಪಲಿ ಅಥವಾ ಶೂ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಉಚಿತ ಆನ್‌ಲೈನ್ ನಕ್ಷೆಯಿಂದ ಆ ಪ್ರದೇಶದ ಭಾಗ ಪ್ರಿಂಟ್ ತೆಗೆದು ಮಡಚಿಟ್ಟುಕೊಳ್ಳಿ. ಅದು ದಾರಿ ಹುಡುಕಲಿಕ್ಕಲ್ಲ, ನಡೆದು ಮುಗಿದ ಮೇಲೆ ಗುರುತು ಹಾಕಲಿಕ್ಕೆ.

ಫೋನ್ ಬ್ಯಾಗಿನೊಳಗಿರಲಿ. ಫೋನ್ ನಕ್ಷೆಯ ನೀಲಿ ಚುಕ್ಕೆಯ ಹಿಂದೆ ನಡೆದರೆ ಪ್ರತಿ ತಿರುವಿನ ನಿರ್ಧಾರವನ್ನೂ ಫೋನೇ ಮಾಡುತ್ತದೆ. ನೀವು ತಡೆದು ನಿಲ್ಲುವ ಪ್ರಸಂಗವೇ ಬರುವುದಿಲ್ಲ, ಬರೆದುಕೊಳ್ಳಲು ಏನೂ ಸಿಗುವುದಿಲ್ಲ. ದೊಡ್ಡ ಕ್ಯಾಮೆರಾ ಅಂತೂ ಬೇಡವೇ ಬೇಡ. ಅದು ಕುತ್ತಿಗೆಯಲ್ಲಿದ್ದರೆ ಹೂವಿನವರು ನಿಮ್ಮನ್ನು ಫೋಟೊದವರು ಎಂದೇ ಮಾತಾಡಿಸುತ್ತಾರೆ, ಉತ್ತರದ ಧಾಟಿಯೇ ಬದಲಾಗುತ್ತದೆ.

ಇಬ್ಬರಿಗಿಂತ ಹೆಚ್ಚು ಜನ ಒಟ್ಟಿಗೆ ಹೋಗಬೇಡಿ. ಅವೆನ್ಯೂ ರಸ್ತೆಯಲ್ಲಿ ಐದು ಜನ ಐಡಿ ಕಾರ್ಡ್ ನೇತುಹಾಕಿಕೊಂಡು ನಡೆದರೆ ಅದು ಅಧ್ಯಯನವಲ್ಲ, ಮೆರವಣಿಗೆ.

## ಹಂತ 1: ಒಂದು ಫ್ಲೋ, ಒಂದು ಪ್ರಶ್ನೆ

ಮನೆ ಬಿಡುವ ಮೊದಲು ಆ್ಯಪ್‌ನ ಒಂದೇ ಒಂದು ಫ್ಲೋ (ಒಂದು ಕೆಲಸ ಮುಗಿಸಲು ಬಳಕೆದಾರರು ದಾಟುವ ಸ್ಕ್ರೀನುಗಳ ಸಾಲು) ಆರಿಸಿಕೊಳ್ಳಿ. ಸಹಾಯವಾಣಿಗೆ ಬಂದ ದೂರು ನೋಡಿ, ಯಾವ ಸ್ಕ್ರೀನಿನಿಂದ ಜನ ಹಿಂದಕ್ಕೆ ಹೋಗುತ್ತಾರೆ ಎಂಬ ಲೆಕ್ಕ ನೋಡಿ. ನಮ್ಮ ಬಸ್ ಆ್ಯಪ್‌ನಲ್ಲಿ ಅದು ‘ಹತ್ತುವ ಸ್ಥಳ’ ಆರಿಸುವ ಸ್ಕ್ರೀನ್ ಎಂದಿಟ್ಟುಕೊಳ್ಳಿ.

ಈಗ ಆ ಸ್ಕ್ರೀನಿನ ಪ್ರಶ್ನೆಯನ್ನು ಬೀದಿಯ ಪ್ರಶ್ನೆಯಾಗಿ ಬರೆಯಿರಿ. ‘ಬಳಕೆದಾರರು ನಗರವನ್ನು ಹೇಗೆ ಅನುಭವಿಸುತ್ತಾರೆ’ ಎಂಬುದು ಪ್ರಶ್ನೆಯೇ ಅಲ್ಲ, ಅದರಿಂದ ಪ್ರಬಂಧ ಹುಟ್ಟುತ್ತದೆ. ‘ಸರಿಯಾದ ಜಾಗಕ್ಕೇ ಬಂದಿದ್ದೇನೆ ಎಂದು ಹೊಸಬರು ಯಾವುದರಿಂದ ಖಾತ್ರಿ ಮಾಡಿಕೊಳ್ಳುತ್ತಾರೆ’ ಎಂಬುದು ಪ್ರಶ್ನೆ. ಪುಸ್ತಕದ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದುಕೊಳ್ಳಿ. ನಡೆಯುವಾಗ ನೂರು ಆಕರ್ಷಣೆ ಬರುತ್ತವೆ. ಇದಕ್ಕೆ ಉತ್ತರ ಕೊಡದ ಯಾವುದನ್ನೂ ಬರೆಯಬೇಕಾಗಿಲ್ಲ.

ಪ್ರಶ್ನೆಯಿಲ್ಲದೆ ಹೊರಟು, ಬಂದ ಮೇಲೆ ಪ್ರಶ್ನೆ ಹುಡುಕುವವರೇ ಹೆಚ್ಚು. ಅದೇ ಮೊದಲನೆಯ ತಪ್ಪು.

## ಹಂತ 2: ದಾರಿ ಆರಿಸುವುದು

ಚೆಂದದ ದಾರಿ ಬೇಡ, ಗೊಂದಲದ ದಾರಿ ಬೇಕು. ಕಬ್ಬನ್ ಪಾರ್ಕಿನೊಳಗೆ ನಡೆದರೆ ಮನಸ್ಸಿಗೆ ಹಿತ, ಕೆಲಸಕ್ಕೆ ದಂಡ. ಆರಿಸಿದ ದಾರಿಯಲ್ಲಿ ಈ ನಾಲ್ಕು ಇರಲೇಬೇಕು:

- ಒಂದು ವಾಹನ ಬಿಟ್ಟು ಇನ್ನೊಂದು ಹಿಡಿಯುವ ಅಥವಾ ಕಾಲ್ನಡಿಗೆಗೆ ಇಳಿಯುವ ಜಾಗ
- ಮೂರಕ್ಕಿಂತ ಹೆಚ್ಚು ದಾರಿ ಕೂಡುವ ಸರ್ಕಲ್
- ಬೋರ್ಡಿನ ಹೆಸರು ಒಂದು, ಜನರ ಬಾಯಲ್ಲಿ ಇನ್ನೊಂದು ಇರುವ ಜಾಗ
- ತಲುಪಬೇಕಾದ ಸ್ಥಳ ಕಣ್ಣಿಗೇ ಕಾಣದೆ ಸ್ವಲ್ಪ ದೂರ ನಡೆಯಬೇಕಾದ ತುಂಡು

ಮೆಜೆಸ್ಟಿಕ್ ಮೆಟ್ರೊದಿಂದ ಹೊರಬಿದ್ದು, ಕೆಂಪೇಗೌಡ ರಸ್ತೆ ಹಿಡಿದು ಮೈಸೂರು ಬ್ಯಾಂಕ್ ಸರ್ಕಲ್‌ಗೆ ಬಂದು, ಅವೆನ್ಯೂ ರಸ್ತೆಗೆ ತಿರುಗಿ, ಚಿಕ್ಕಪೇಟೆ ದಾಟಿ ಮಾರ್ಕೆಟ್ ಸೇರಿದರೆ ನಾಲ್ಕೂ ಸಿಗುತ್ತವೆ. ದೂರ ಎರಡು ಕಿಲೋಮೀಟರ್ ಆಸುಪಾಸು. ಇದಕ್ಕಿಂತ ಉದ್ದ ಬೇಡ; ದಣಿದ ಕಾಲು ದಾರಿ ಮುಗಿಸಲು ನೋಡುತ್ತದೆ, ಬರೆಯಲು ನಿಲ್ಲುವುದಿಲ್ಲ.

ಬೇರೆ ಊರಿನವರು ಇಲ್ಲಿಗೇ ಬರಬೇಕೆಂದಿಲ್ಲ. ಮಂಗಳೂರಿನವರಿಗೆ ಹಂಪನಕಟ್ಟೆಯಿಂದ ಸ್ಟೇಟ್ ಬ್ಯಾಂಕ್ ಇದೆ. ಅಲ್ಲಿ ‘ಸ್ಟೇಟ್ ಬ್ಯಾಂಕ್‌ಗೆ ಹೋಗ್ತದಾ’ ಎಂದು ಕೇಳುವವರಲ್ಲಿ ದುಡ್ಡು ಕಟ್ಟಲು ಹೊರಟವರು ಕಡಿಮೆ. ಅವರು ಕೇಳುತ್ತಿರುವುದು ಬಸ್ ನಿಲ್ದಾಣವನ್ನು. ಹುಬ್ಬಳ್ಳಿ-ಧಾರವಾಡದವರು ರಸ್ತೆ ಮಧ್ಯದ ನಿಲ್ದಾಣದಲ್ಲಿ ತನ್ನದೇ ಪಥದಲ್ಲಿ ಓಡುವ ಚಿಗರಿ ಬಸ್ ಇಳಿದು ಪಕ್ಕದ ಮಾಮೂಲಿ ಬಸ್ ಸ್ಟಾಪ್ ಹುಡುಕುವ ದಾರಿಯನ್ನು ತೆಗೆದುಕೊಳ್ಳಬಹುದು.

ಹೊತ್ತನ್ನೂ ಪ್ರಶ್ನೆಗೆ ಹೊಂದಿಸಿ. ಮಾರ್ಕೆಟ್ ಬೆಳಗಿನ ಜಾವ ಒಂದು ಊರು, ಮಧ್ಯಾಹ್ನ ಇನ್ನೊಂದು. ನಿಮ್ಮ ಬಳಕೆದಾರರು ಬಸ್ಸಿಗೆ ಓಡುವುದು ರಾತ್ರಿ ಒಂಬತ್ತರಿಂದ ಹನ್ನೊಂದರೊಳಗೆ ಎಂದಾದರೆ ಒಂದು ಸುತ್ತಾದರೂ ಆ ಹೊತ್ತಿಗೇ ನಡೆಯಿರಿ.

## ಹಂತ 3: ಮೂರು ಸುತ್ತು, ಮೂರು ಬಗೆ

ಮೊದಲ ಸುತ್ತು ಒಬ್ಬರೇ. ಬೋರ್ಡು, ಜನ, ಕಣ್ಣು, ಕಿವಿ ಇಷ್ಟನ್ನೇ ನಂಬಿ ನಡೆಯಿರಿ. ದಾರಿ ಗೊತ್ತಿದ್ದರೂ ಗೊತ್ತಿಲ್ಲದವರಂತೆ ನಟಿಸುವುದು ಕಷ್ಟ, ನಿಜ. ಹಾಗಾಗಿ ಈ ಸುತ್ತಿನ ಟಿಪ್ಪಣಿಗೆ ಹೆಚ್ಚು ಬೆಲೆ ಕೊಡಬೇಡಿ. ಎಲ್ಲಿ ನಿಂತು ಗಮನಿಸಬೇಕು ಎಂದು ತಿಳಿದುಕೊಳ್ಳುವುದಕ್ಕಷ್ಟೇ ಇದು.

ಎರಡನೆಯದು ಹೊಸಬರ ಹಿಂದೆ. ಬೆಂಗಳೂರಿಗೆ ಅಪರೂಪಕ್ಕೆ ಬರುವ ಚಿಕ್ಕಮ್ಮನೋ ಊರಿನ ಗೆಳೆಯನೋ ಇದ್ದರೆ ಸಾಕು. ಅವರು ಮುಂದೆ, ನೀವು ಹತ್ತು ಹೆಜ್ಜೆ ಹಿಂದೆ. ಸಹಾಯ ಮಾಡುವಂತಿಲ್ಲ, ಕಣ್ಸನ್ನೆಯನ್ನೂ ಮಾಡುವಂತಿಲ್ಲ. ಚಿಕ್ಕಮ್ಮ ತಪ್ಪು ದಾರಿ ಹಿಡಿದಾಗ ಬಾಯಿಮುಚ್ಚಿಕೊಂಡಿರುವುದೇ ಈ ವಿಧಾನದ ಅತಿ ಕಷ್ಟದ ಭಾಗ. ಆದರೆ ತಪ್ಪಿದೆ ಎಂದು ಅವರಿಗೆ ಎಷ್ಟು ಹೆಜ್ಜೆಯ ನಂತರ, ಯಾವುದನ್ನು ನೋಡಿ ಗೊತ್ತಾಯಿತು ಎಂಬ ಒಂದು ಸಾಲಿಗಾಗಿ ಇಡೀ ಸುತ್ತು ನಡೆಯಬಹುದು. ರಸ್ತೆ ದಾಟುವಾಗ ಮಾತ್ರ ಜೊತೆಗಿರಿ.

ಮೂರನೆಯದು ಹೊರೆ ಹೊತ್ತು. ಚಕ್ರದ ಸೂಟ್‌ಕೇಸ್ ಎಳೆದುಕೊಂಡು, ಇನ್ನೊಂದು ಕೈಯಲ್ಲಿ ತುಂಬಿದ ಚೀಲ. ಫುಟ್‌ಪಾತ್ 150 ಮಿಲಿಮೀಟರ್‌ಗಿಂತ ಎತ್ತರ ಇರಬಾರದು ಎಂದು ಭಾರತೀಯ ರಸ್ತೆ ಕಾಂಗ್ರೆಸ್‌ನ ಪಾದಚಾರಿ ಮಾರ್ಗಸೂಚಿ ಹೇಳುತ್ತದೆ. ಎಲ್ಲೆಲ್ಲಿ ಆ ಮಾತು ಉಳಿದಿಲ್ಲ ಎಂದು ಸೂಟ್‌ಕೇಸಿನ ಚಕ್ರ ಹೇಳುತ್ತದೆ.

ಈ ಸುತ್ತಿನಲ್ಲಿ ಕಣ್ಣು ಕಾಣದವರಿಗೆ ದಾರಿ ತೋರಿಸಲು ಹಾಕಿದ, ಕಾಲ ಕೆಳಗಿನ ಹಳದಿ ಟೈಲ್ಸ್ ಕಡೆ ಒಂದು ಕಣ್ಣಿರಲಿ. ಉದ್ದ ಗೆರೆ ಇದ್ದರೆ ಮುಂದೆ ನಡೆಯಬಹುದು ಎಂದು, ಗುಂಡು ಉಬ್ಬುಗಳಿದ್ದರೆ ಎಚ್ಚರ ಎಂದು. ಮೆಟ್ರೊ ನಿಲ್ದಾಣದೊಳಗೆ ಈ ಭಾಷೆ ಬಹುಮಟ್ಟಿಗೆ ಸರಿಯಾಗಿ ನಡೆಯುತ್ತದೆ. ಹೊರಗಿನ ಫುಟ್‌ಪಾತಿನಲ್ಲಿ ಗೆರೆ ನೇರ ಹೋಗಿ ಮರದ ಬುಡಕ್ಕೋ ಟ್ರಾನ್ಸ್‌ಫಾರ್ಮರಿಗೋ ಮುಟ್ಟುವುದು ಅಪರೂಪವಲ್ಲ. ಎರಡು ಸ್ಕ್ರೀನಿನಲ್ಲಿ ಹಸಿರು ಬಟನ್ ‘ಮುಂದೆ’ ಎಂದು ಕಲಿಸಿ, ಮೂರನೆಯದರಲ್ಲಿ ಅದೇ ಹಸಿರನ್ನು ‘ರದ್ದು ಮಾಡಿ’ಗೆ ಬಳಿದ ಆ್ಯಪ್‌ಗಳು ಮಾಡುವುದೂ ಇದನ್ನೇ.

## ಹಂತ 4: ‘ನಿಂತ ಜಾಗ’ದ ಟಿಪ್ಪಣಿ

ಇಡೀ ಕೆಲಸದ ತಿರುಳು ಇದು. ಯಾರಾದರೂ (ನೀವೂ ಸೇರಿ) ನಡಿಗೆ ನಿಧಾನಿಸಿದರೆ, ನಿಂತರೆ, ತಿರುಗಿ ನೋಡಿದರೆ, ಯಾರನ್ನಾದರೂ ಕೇಳಿದರೆ ಅಲ್ಲಿ ಒಂದು ಟಿಪ್ಪಣಿ. ಪ್ರತಿ ಟಿಪ್ಪಣಿಗೂ ನಾಲ್ಕೇ ಸಾಲು: ಎಲ್ಲಿ ಮತ್ತು ಎಷ್ಟು ಹೊತ್ತಿಗೆ; ಆಗ ಏನು ಗೊತ್ತಿರಬೇಕಿತ್ತು; ಕಣ್ಣಿಗೆ ಕಿವಿಗೆ ಏನು ಸಿಕ್ಕಿತು; ಕೊನೆಗೆ ಏನು ಮಾಡಿದರು.

ಒಂದು ಮಾದರಿ:

*ಮೈಸೂರು ಬ್ಯಾಂಕ್ ಸರ್ಕಲ್, ಅವೆನ್ಯೂ ರಸ್ತೆಯ ಬಾಯಿ, ಬೆಳಿಗ್ಗೆ 9.40. ಬಟ್ಟೆ ಚೀಲ ಹಿಡಿದ ನಡುವಯಸ್ಸಿನ ಹೆಂಗಸು.*
*ಗೊತ್ತಿರಬೇಕಿದ್ದುದು: ಮಾರ್ಕೆಟ್‌ಗೆ ಇದೇ ದಾರಿಯಾ?*
*ಸಿಕ್ಕಿದ್ದು: ಅಂಗಡಿ ಬೋರ್ಡುಗಳು. ರಸ್ತೆ ಹೆಸರಿನ ಫಲಕ ನಿಂತ ಆಟೊಗಳ ಹಿಂದೆ ಮರೆ.*
*ಮಾಡಿದ್ದು: ಯಾರನ್ನೂ ಕೇಳಲಿಲ್ಲ. ಎದುರಿಂದ ಬರುವವರ ಕೈಯಲ್ಲಿ ಹೂವಿನ ಕವರ್, ಬಾಳೆಲೆ ಕಟ್ಟು ನೋಡಿ ಒಳಗೆ ನಡೆದರು.*

ನಾಲ್ಕನೆಯ ಸಾಲು ನೋಡಿ. ದಾರಿ ತೋರಿಸಿದ್ದು ಬೋರ್ಡಲ್ಲ, ಆ ದಾರಿ ಮುಗಿಸಿ ಬಂದವರ ಕೈಚೀಲ. ಬಸ್ ಆ್ಯಪ್‌ನಲ್ಲಿ ‘ಈ ಬಸ್ಸಿನವರಲ್ಲಿ ಹೆಚ್ಚಿನವರು ಹತ್ತುವುದು ಇಲ್ಲಿ’ ಎಂಬ ಒಂದು ಸಾಲು ಅದೇ ಕೆಲಸ ಮಾಡಬಲ್ಲದು. ‘ಅವೆನ್ಯೂ ರಸ್ತೆ ತುಂಬ ಗಿಜಿಗಿಜಿ, ಬಣ್ಣ ಬಣ್ಣ’ ಎಂದು ಬರೆದ ಟಿಪ್ಪಣಿಯಿಂದ ಇಂಥ ಸಾಲು ಎಂದೂ ಹುಟ್ಟುವುದಿಲ್ಲ.

ಬರೆಯುವಾಗ ಆಗುವ ತಪ್ಪುಗಳಲ್ಲಿ ದೊಡ್ಡದು, ಎರಡನೆಯ ಸಾಲಿನಲ್ಲಿ ಭಾವನೆ ತುಂಬುವುದು. ‘ಆತಂಕದಲ್ಲಿದ್ದರು’ ಎಂಬುದು ನಿಮ್ಮ ಊಹೆ. ‘ಯಾವ ಗೇಟು ಎಂದು ಗೊತ್ತಿರಲಿಲ್ಲ’ ಎಂಬುದು ಕೆಲಸಕ್ಕೆ ಬರುವ ಮಾತು. ಇನ್ನೊಂದು, ಸಂಜೆ ಮನೆಗೆ ಹೋಗಿ ಬರೆಯುತ್ತೇನೆ ಎನ್ನುವುದು. ಸಂಜೆಗೆ ಉಳಿಯುವುದು ಕಥೆ ಮಾತ್ರ. ಯಾವ ಕಡೆ ತಲೆ ತಿರುಗಿಸಿದರು ಎಂಬುದು ಅಷ್ಟು ಹೊತ್ತಿಗೆ ಹೋಗಿಬಿಟ್ಟಿರುತ್ತದೆ.

## ಹಂತ 5: ದಾರಿ ಕೇಳಿ, ಉತ್ತರವನ್ನು ಹಾಗೇ ಬರೆದುಕೊಳ್ಳಿ

ಈ ಹಂತವನ್ನು ನಾಚಿಕೆಯಿಂದ ಬಿಡುವವರು ಬಹಳ. ಬಿಟ್ಟರೆ ಅರ್ಧ ಸರಕು ಹೋದಂತೆ. ಒಂದೇ ಜಾಗದಲ್ಲಿ ನಿಂತು ಒಂದೇ ಪ್ರಶ್ನೆಯನ್ನು ಐದು ಬಗೆಯ ಜನರನ್ನು ಕೇಳಿ: ಆಟೊದವರು, ಪೌರಕಾರ್ಮಿಕರು, ಕಾಲೇಜು ಹುಡುಗಿ, ಟ್ರಾಫಿಕ್ ಪೊಲೀಸ್, ಅಂಗಡಿಯವರು. ಬೋಣಿ ಆಗದ ಹೊತ್ತಿನಲ್ಲಿ ಅಂಗಡಿಯವರನ್ನು ಕಾಡಬೇಡಿ. ಏನಾದರೂ ಕೊಂಡು ಕೇಳಿ. ಉತ್ತರವನ್ನು ಪುಸ್ತಕದ ಕನ್ನಡಕ್ಕೆ ತಿದ್ದದೆ ಬರೆದುಕೊಳ್ಳಿ.

‘ಅಣ್ಣಾ, ಚಿಕ್ಕಪೇಟೆಗೆ ಹೆಂಗೆ ಹೋಗ್ಬೇಕು?’

‘ಇದೇ ರೋಡಲ್ಲಿ ಸೀದಾ ಹೋಗಿ ಸಾರ್. ಪುಸ್ತಕದಂಗಡಿ ಬರ್ತವೆ. ಅದು ದಾಟಿದ್ಮೇಲೆ ಬಲಗಡೆ ಸೀರೆ ಅಂಗಡಿ ಸಾಲು ಶುರುವಾಗುತ್ತೆ, ಅದೇ. ಫ್ಲೈಓವರ್ ಕಂಡ್ರೆ ಮುಂದೆ ಬಂದ್ಬಿಟ್ರಿ ಅಂತ. ಅಲ್ಲಿ ಯಾರನ್ನಾದ್ರೂ ಕೇಳಿ, ಹೇಳ್ತಾರೆ.’

ಈ ಉತ್ತರ ಬಿಡಿಸಿ ನೋಡಿ. ಸೀದಾ ಹೋಗಿ: ಸದ್ಯಕ್ಕೆ ಯಾವ ನಿರ್ಧಾರವೂ ಬೇಡ. ಪುಸ್ತಕದಂಗಡಿ: ನಡುದಾರಿಯಲ್ಲಿ ಸಿಗುವ ಧೈರ್ಯ, ಸರಿಯಾಗೇ ಹೋಗುತ್ತಿದ್ದೀರಿ ಎಂಬ ಗುರುತು. ಸೀರೆ ಅಂಗಡಿ: ತಲುಪಿದಿರಿ. ಫ್ಲೈಓವರ್: ತಪ್ಪಿದರೆ ಅದು ಗೊತ್ತಾಗುವ ಜಾಗ. ಕೊನೆಯದು, ಮುಂದಿನ ಸಹಾಯ ಎಲ್ಲಿ ಸಿಗುತ್ತದೆ ಎಂಬ ಭರವಸೆ. ಮೀಟರ್ ಲೆಕ್ಕ ಇಲ್ಲ, ಉತ್ತರ ದಕ್ಷಿಣ ಇಲ್ಲ. ಐದು ಜನರ ಉತ್ತರವನ್ನೂ ಹೀಗೇ ಬಿಡಿಸಿ, ಪಕ್ಕದಲ್ಲಿ ನಿಮ್ಮ ಫ್ಲೋ ಇಟ್ಟುಕೊಂಡು ಐದು ತುಂಡುಗಳಲ್ಲಿ ಯಾವುದಿದೆ ಯಾವುದಿಲ್ಲ ಎಂದು ಗುರುತು ಹಾಕಿ.

ಬಹುತೇಕ ಆ್ಯಪ್‌ಗಳಲ್ಲಿ ಮೊದಲನೆಯದೂ ಮೂರನೆಯದೂ ಇರುತ್ತವೆ. ಇಲ್ಲದಿರುವುದು ಫ್ಲೈಓವರ್. ಬಸ್ ಬುಕಿಂಗ್‌ನಲ್ಲಿ ಇದರ ಸರಿಯಾದ ಉದಾಹರಣೆ ರಾತ್ರಿ 12.15ರ ಬಸ್. ಶುಕ್ರವಾರ ಊಟ ಮುಗಿಸಿ ಹೊರಡುವವರಿಗೆ ಅದು ಶುಕ್ರವಾರದ ಬಸ್ಸು, ಕ್ಯಾಲೆಂಡರಿಗೆ ಶನಿವಾರದ್ದು. ಶನಿವಾರ ರಾತ್ರಿ ಹೊರಡಬೇಕಾದವರು ಶನಿವಾರದ ತಾರೀಕು ಒತ್ತಿ ಈ ಬಸ್ ಬುಕ್ ಮಾಡಿದರೆ, ಅವರು ನಿಲ್ದಾಣಕ್ಕೆ ಬರುವ ಹೊತ್ತಿಗೆ ಬಸ್ ಹೋಗಿ ಸುಮಾರು ಒಂದು ದಿನವಾಗಿರುತ್ತದೆ. ‘ಶುಕ್ರವಾರ ರಾತ್ರಿ ಕಳೆದು, ಶನಿವಾರ ಬೆಳಗಾಗುವ ಮೊದಲು 12.15ಕ್ಕೆ’ ಎಂದು ಸೀಟು ಆರಿಸುವ ಮೊದಲೇ ತೋರಿಸುವುದು ಆ ಅಣ್ಣ ಹೇಳಿದ ಫ್ಲೈಓವರ್.

ಒಂದು ಎಚ್ಚರ: ಗೊತ್ತಿಲ್ಲ ಎನ್ನಲು ಸಂಕೋಚಪಟ್ಟು ಏನಾದರೂ ಹೇಳಿ ಕಳಿಸುವವರು ಇದ್ದಾರೆ. ಅಂಥ ಉತ್ತರವನ್ನು ಹರಿದು ಹಾಕಬೇಡಿ. ‘ಫಲಿತಾಂಶ ಇಲ್ಲ’ ಎನ್ನಲು ಸಂಕೋಚಪಟ್ಟು ಸಂಬಂಧವಿಲ್ಲದ ಬಸ್ಸುಗಳ ಪಟ್ಟಿ ತೋರಿಸುವ ಸ್ಕ್ರೀನ್ ನಿಮ್ಮಲ್ಲೂ ಇರಬಹುದು.

## ಹಂತ 6: ನೆನಪಿನಿಂದ ನಕ್ಷೆ ಬರೆಸಿ

ಹಿಂಬಾಲಿಸಿದ ಹೊಸಬರಿಗೆ ಕಾಫಿ ಕೊಡಿಸಿ, ಒಂದು ಖಾಲಿ ಹಾಳೆ ಕೊಟ್ಟು, ನಡೆದ ದಾರಿಯನ್ನು ನೆನಪಿನಿಂದ ಬರೆಯಲು ಹೇಳಿ. ಚಿತ್ರ ಚೆನ್ನಾಗಿ ಬರಬೇಕಿಲ್ಲ. ಆ ಮೇಲೆ ಮಡಚಿಟ್ಟ ಪ್ರಿಂಟ್ ತೆಗೆದು ಹೋಲಿಸಿ. ಯಾವುದು ಬಿಟ್ಟುಹೋಗಿದೆ, ಯಾವುದು ಇರುವುದಕ್ಕಿಂತ ಉದ್ದವಾಗಿದೆ, ಎರಡು ಜಾಗ ಎಲ್ಲಿ ಒಂದಾಗಿವೆ?

ಅಮೆರಿಕದ ನಗರ ಯೋಜಕ ಕೆವಿನ್ ಲಿಂಚ್ 1960ರಲ್ಲಿ ಬಾಸ್ಟನ್, ಜರ್ಸಿ ಸಿಟಿ, ಲಾಸ್ ಏಂಜಲೀಸ್ ಜನರ ಇಂಥ ಮನಸ್ಸಿನ ನಕ್ಷೆಗಳಿಂದ ಐದು ಅಂಶ ಹೆಕ್ಕಿದ: ದಾರಿ, ಅಂಚು (ಒಂದು ಪ್ರದೇಶ ಮುಗಿಯುವ ಗೆರೆ), ಪ್ರದೇಶ, ಕೂಡುವ ಜಾಗ, ಗುರುತು. ಹಾಳೆಯ ಮೇಲೆ ಐದು ಬಣ್ಣದಲ್ಲಿ ಇವನ್ನು ಗುರುತಿಸಿ.

ಪೇಟೆ ಪ್ರದೇಶದಲ್ಲಿ ಜನ ಸುಲಭವಾಗಿ ಬರೆಯುವುದು ‘ಪ್ರದೇಶ’ವನ್ನು. ಚಿಕ್ಕಪೇಟೆ ಅಂದರೆ ಸೀರೆ, ಎಸ್‌.ಪಿ. ರಸ್ತೆ ಅಂದರೆ ಎಲೆಕ್ಟ್ರಾನಿಕ್ಸ್ ಬಿಡಿಭಾಗ, ಬಳೇಪೇಟೆ ಅಂದರೆ ವಾದ್ಯದಂಗಡಿ. ಒಳಗಿನ ಗಲ್ಲಿಗಳ ಹೆಸರು ಯಾರಿಗೂ ನೆನಪಿರುವುದಿಲ್ಲ, ಅದರಿಂದ ತೊಂದರೆಯೂ ಇಲ್ಲ. ಮೆನು ಮಾಡುವವರು ಇದನ್ನು ಎರಡು ಸಲ ನೋಡಬೇಕು. ಮೇಲಿನ ಹಂತದ ಹೆಸರುಗಳು ಗಟ್ಟಿಯಿದ್ದರೆ ಒಳಗಿನದನ್ನು ಜನ ಹುಡುಕಿಕೊಳ್ಳುತ್ತಾರೆ. ‘ಸೇವೆಗಳು’, ‘ಇತರೆ’, ‘ಇನ್ನಷ್ಟು’ ಎಂಬ ಪೇಟೆಗಳಿಗೆ ದಾರಿ ಕೇಳಿದರೆ ಯಾರೂ ಹೇಳಲಾರರು.

ಬಹಳ ಜನ ಕೆಡಿಸುವುದೂ ಇಲ್ಲೇ. ಐದು ಅಂಶಗಳನ್ನು ಹಾಗೇ ಸ್ಕ್ರೀನಿಗೆ ಅಂಟಿಸುತ್ತಾರೆ: ಹೋಮ್ ಸ್ಕ್ರೀನ್ ಸರ್ಕಲ್ ಆಗುತ್ತದೆ, ಮೆನು ಬೀದಿಯಾಗುತ್ತದೆ, ಟಿಕೆಟ್ ವಿಭಾಗಕ್ಕೆ ಮಾರ್ಕೆಟ್ ಕಟ್ಟಡದ ಚಿತ್ರ. ಬೀದಿಯ ರೂಪ ನಮಗೆ ಬೇಡ. ಅಲ್ಲಿ ಯಾವ ಮಾಹಿತಿ ಯಾವ ಕ್ರಮದಲ್ಲಿ ಸಿಕ್ಕಿತು ಎಂಬುದು ಬೇಕು. ಮುಂದಿನ ಹಂತ ಅದೇ.

## ಹಂತ 7: ಕಥೆಯ ಕ್ರಮ ಕಟ್ಟುವುದು

ಟಿಪ್ಪಣಿಗಳನ್ನು ನಡೆದ ಕ್ರಮದಲ್ಲೇ ಒಂದು ಉದ್ದ ಕಾಗದದ ಪಟ್ಟಿಯಲ್ಲಿ ಜೋಡಿಸಿ. ಪ್ರತಿ ನಿಂತ ಜಾಗದ ಕೆಳಗೆ ಒಂದೇ ಪ್ರಶ್ನೆ: ಇಲ್ಲಿ ಬೇಕಾಗಿದ್ದ ಮಾಹಿತಿ ಮೊದಲೇ ಸಿಕ್ಕಿತೋ, ಇಲ್ಲೇ ಸಿಕ್ಕಿತೋ, ದಾಟಿದ ಮೇಲೆ ಸಿಕ್ಕಿತೋ? ಮೂರು ಬಣ್ಣ ಹಚ್ಚಿ. ‘ದಾಟಿದ ಮೇಲೆ’ ಎಂಬ ಬಣ್ಣ ಇರುವಲ್ಲೆಲ್ಲ ನಿಮಗೆ ಕೆಲಸವಿದೆ.

ಹೊತ್ತಿಗೆ ಸರಿಯಾಗಿ ಮಾಹಿತಿ ಕೊಡುವುದು ಹೇಗೆ ಎಂದು ನೋಡಬೇಕಾದರೆ ಸಿಟಿ ಬಸ್ ಹತ್ತಿ ಕಂಡಕ್ಟರ್ ಪಕ್ಕ ನಿಲ್ಲಿ. ಸ್ಟಾಪ್ ಬಂದ ಮೇಲೆ ಅವರು ಹೆಸರು ಕೂಗುವುದಿಲ್ಲ. ಹಿಂದಿನ ಸ್ಟಾಪ್ ಬಿಡುತ್ತಿದ್ದಂತೆ ‘ಟೌನ್‌ಹಾಲ್ ಇಳಿಯೋರು ಬನ್ನಿ ಮುಂದಕ್ಕೆ’. ಹಿಂದಿರುವವರು ಬಾಗಿಲಿಗೆ ಬರಲು ಎಷ್ಟು ಹೊತ್ತು ಬೇಕೋ ಅಷ್ಟು ಮುಂಚೆ. ‘ಹೋಲ್ಡಾನ್’, ‘ರೈಟ್ ರೈಟ್’: ವ್ಯವಸ್ಥೆಯ ಸ್ಥಿತಿ ಒಂದೇ ಮಾತಿನಲ್ಲಿ, ಡ್ರೈವರಿಗೂ ಪ್ರಯಾಣಿಕರಿಗೂ ಒಟ್ಟಿಗೆ.

ಅದೇ ಬಸ್ಸಿನಲ್ಲಿ ಕೆಟ್ಟ ಉದಾಹರಣೆಯೂ ಇದೆ. ಚಿಲ್ಲರೆ ಇಲ್ಲದಾಗ ಕಂಡಕ್ಟರ್ ಬಾಕಿ ಮೊತ್ತವನ್ನು ಟಿಕೆಟ್ಟಿನ ಹಿಂದೆ ಬರೆದುಕೊಡುತ್ತಾರೆ, ‘ಇಳಿಯುವಾಗ ಇಸ್ಕೊಳ್ಳಿ’. ಇಳಿಯುವ ಗಡಿಬಿಡಿಯಲ್ಲಿ ಟಿಕೆಟ್ ಜೇಬಿನಲ್ಲಿರುತ್ತದೆ, ಜೇಬಿಗೆ ಕೈಹಾಕುವಷ್ಟರಲ್ಲಿ ರೈಟ್ ರೈಟ್ ಆಗಿರುತ್ತದೆ. ಮಾಹಿತಿ ಇತ್ತು, ಬರಹದಲ್ಲೇ ಇತ್ತು. ಬೇಕಾದ ಹೊತ್ತಿಗೆ ಕಣ್ಣ ಮುಂದೆ ಇರಲಿಲ್ಲ. ರದ್ದಾದ ಟಿಕೆಟ್ಟಿನ ರೀಫಂಡ್ ಸ್ಥಿತಿಯನ್ನು ‘ನನ್ನ ಖಾತೆ’, ‘ವ್ಯವಹಾರ’, ‘ಹಳೆಯವು’ ಎಂಬ ಮೂರು ಬಾಗಿಲ ಹಿಂದೆ ಇಟ್ಟ ಆ್ಯಪ್ ಕೂಡ ಟಿಕೆಟ್ಟಿನ ಹಿಂದೆ ಬರೆದುಕೊಟ್ಟಂತೆಯೇ.

ನಮ್ಮ ಪ್ರಶ್ನೆಗೆ ತೀರ ಹತ್ತಿರದ್ದು ಮೈಸೂರು ಬಸ್ಸು. ಕೆಎಸ್‌ಆರ್‌ಟಿಸಿಯ ಮೈಸೂರು ಬಸ್ಸುಗಳು ಹೊರಡುವುದು ಮುಖ್ಯವಾಗಿ ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಿಂದ. ಬೆಂಗಳೂರಿನ ಬಸ್ ಅಂದರೆ ಮೆಜೆಸ್ಟಿಕ್ ಎಂದುಕೊಂಡ ಹೊಸಬರು ಲಗೇಜು ಸಮೇತ ಅಲ್ಲಿಗೆ ಬಂದು ವಿಚಾರಿಸುತ್ತಾರೆ, ‘ಸ್ಯಾಟಲೈಟ್‌ಗೆ ಹೋಗಿ’ ಎಂಬ ಉತ್ತರ ಸಿಗುತ್ತದೆ. ಉತ್ತರ ಸರಿಯೇ, ಆದರೆ ಸಿಕ್ಕಿದ್ದು ಒಂದು ಬಸ್ಸಿನ ದೂರ ತಡವಾಗಿ. ಮೆಟ್ರೊದಲ್ಲಿ ರೈಲಿಗೆ ಬರುವವರಿಗೂ ಇಂಥದೇ ಪೇಚು: ನೇರಳೆ ಮಾರ್ಗದಲ್ಲಿ ಸಿಟಿ ರೈಲ್ವೆ ನಿಲ್ದಾಣ ಒಂದು ಸ್ಟೇಷನ್, ಮೆಜೆಸ್ಟಿಕ್ ಅದರ ಪಕ್ಕದ್ದು. ಎಲ್ಲಿ ಇಳಿಯಬೇಕು ಎಂಬ ನಿರ್ಧಾರ ಬೋಗಿಯೊಳಗೇ ಆಗಿಹೋಗಬೇಕು. ಪ್ಲಾಟ್‌ಫಾರ್ಮಿನ ಬೋರ್ಡು ಎಷ್ಟೇ ದೊಡ್ಡದಿದ್ದರೂ ಅಷ್ಟು ಹೊತ್ತಿಗೆ ಇಳಿದಾಗಿರುತ್ತದೆ.

ಹಾಗಾಗಿ ಪಟ್ಟಿಯ ಮೇಲೆ ಈ ನಿಯಮದಿಂದ ಕೆಲಸ ಮಾಡಿ: ತಪ್ಪಿದರೆ ಹಿಂದಕ್ಕೆ ಬರುವುದು ಎಷ್ಟು ದುಬಾರಿಯೋ, ಮಾಹಿತಿ ಅಷ್ಟು ಮುಂಚೆ ಬರಬೇಕು. ಎಲ್ಲವನ್ನೂ ಮೊದಲ ಸ್ಕ್ರೀನಿನಲ್ಲೇ ಸುರಿಯುವುದು ಇದಕ್ಕೆ ಪರಿಹಾರವಲ್ಲ. ಮೆಜೆಸ್ಟಿಕ್‌ನಲ್ಲೇ ನಿಂತು ಮಾರ್ಕೆಟ್‌ನ ಹೂವಿನ ದರ ಹೇಳಿದರೆ ಯಾರಿಗೆ ನೆನಪಿರುತ್ತದೆ?

## ಹಂತ 8: ಟಿಪ್ಪಣಿಯಿಂದ ಸ್ಕ್ರೀನಿಗೆ

ಸ್ಕ್ರೀನ್ ವಿನ್ಯಾಸದ ತಂತ್ರಾಂಶ ಫಿಗ್ಮಾ ತೆರೆಯುವ ಮೊದಲು ಪ್ರತಿ ಟಿಪ್ಪಣಿಯನ್ನೂ ಒಂದು ವಾಕ್ಯ ಮಾಡಿ: ‘ಇಂಥ ಸ್ಕ್ರೀನಿನಲ್ಲಿ ನಿಂತವರಿಗೆ ಇಂಥದ್ದು ಗೊತ್ತಿರಬೇಕು, ಈಗ ಅದು ಇಂಥಲ್ಲಿದೆ, ಅದನ್ನು ಇಂಥಲ್ಲಿಗೆ ತರುತ್ತೇವೆ.’ ಈ ವಾಕ್ಯ ಪೂರ್ತಿಯಾಗದ ಟಿಪ್ಪಣಿ ಎಷ್ಟೇ ಚೆಂದ ಇದ್ದರೂ ಪಕ್ಕಕ್ಕಿಡಿ. ಬಹಳಷ್ಟು ಪಕ್ಕಕ್ಕೆ ಹೋಗುತ್ತವೆ, ಹೋಗಲಿ.

ಹತ್ತುವ ಸ್ಥಳದ ಹೆಸರು. ಪಟ್ಟಿಯಲ್ಲಿ ‘ಕೆಂಪೇಗೌಡ ಬಸ್ ನಿಲ್ದಾಣ’ ಎಂದಷ್ಟೇ ಇದೆ, ಜನ ಹುಡುಕುವುದು ‘ಮೆಜೆಸ್ಟಿಕ್’. ಎರಡೂ ಹೆಸರಿಗೆ ಹುಡುಕಾಟ ಸಿಗಬೇಕು, ಜನರ ಬಾಯಲ್ಲಿರುವುದು ಮುಂದೆ ಕಾಣಬೇಕು, ಅಧಿಕೃತ ಹೆಸರು ಕೆಳಗೆ ಸಣ್ಣ ಅಕ್ಷರದಲ್ಲಿ. ಹಳೆಯ ಹೆಸರು ತಾನಾಗಿ ಸಾಯುತ್ತದೆ ಎಂದು ಕಾಯಬೇಡಿ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐ ಜೊತೆ ವಿಲೀನವಾಯಿತು, ಸರ್ಕಲ್ ಮಾತ್ರ ಮೈಸೂರು ಬ್ಯಾಂಕ್ ಸರ್ಕಲ್ಲೇ. ಹೆಸರಿನ ಜೊತೆಗೆ ‘ಸರಿಯಾಗಿ ಬಂದಿದ್ದೀರಿ’ ಎನ್ನುವ ಗುರುತು ಒಂದು ಸಾಲು ಇರಲಿ: ಯಾವ ಟರ್ಮಿನಲ್, ಯಾವ ಗೇಟಿನ ಎದುರು, ಕಣ್ಣಿಗೆ ಏನು ಬೀಳುತ್ತದೆ.

ಹಣ ಕಟ್ಟುವ ಅಂಚು. ಯುಪಿಐಗೆ ಹೋದ ಕ್ಷಣ ಬಳಕೆದಾರರು ನಿಮ್ಮ ಆ್ಯಪ್ ಬಿಟ್ಟು ಬೇರೆ ಪ್ರದೇಶಕ್ಕೆ ದಾಟುತ್ತಾರೆ. ರೈಲ್ವೆ ಸ್ಟೇಷನ್ ಕಡೆಯಿಂದ ಸಬ್‌ವೇ ಇಳಿದು ಮೇಲೆ ಬಂದಾಗ ಯಾವ ದಿಕ್ಕಿಗೆ ಮುಖ ಮಾಡಿದ್ದೇನೆ ಎಂದು ಒಂದು ಗಳಿಗೆ ತಿಳಿಯುವುದಿಲ್ಲವಲ್ಲ, ಹಾಗೆ. ದಾಟುವ ಮೊದಲು ಸೀಟು ಎಷ್ಟು ನಿಮಿಷ ಕಾದಿರುತ್ತದೆ ಎಂದು ಹೇಳಿ. ವಾಪಸ್ ಬಂದಾಗ ಮೊದಲು ಕಾಣಬೇಕಾದ್ದು ಅದೇ ಸೀಟು ಸಂಖ್ಯೆ, ಅದೇ ಬಸ್ಸು, ಹಣ ಬಂತೋ ಇಲ್ಲವೋ. ಸುತ್ತುತ್ತಿರುವ ಚಕ್ರ ತೋರಿಸಿದರೆ ಹಲವರು ಹಿಂದಿನ ಬಟನ್ ಒತ್ತುತ್ತಾರೆ.

ರೀಫಂಡ್. ಆ್ಯಪ್ ತೆರೆದ ಮೊದಲ ಸ್ಕ್ರೀನಿನಲ್ಲೇ, ಹಣ ಸೇರುವವರೆಗೂ ಒಂದು ಸಾಲು. ಇದಕ್ಕೆ ಹೆಚ್ಚು ವಿವರಣೆ ಬೇಕಿಲ್ಲ.

## ಹಂತ 9: ಮತ್ತೆ ಬೀದಿಗೆ

ತಿದ್ದಿದ ಪ್ರೊಟೊಟೈಪನ್ನು (ಪರೀಕ್ಷೆಗೆಂದು ಮಾಡಿದ ಮಾದರಿಯನ್ನು) ಆಫೀಸಿನ ಎಸಿ ಕೋಣೆಯಲ್ಲಿ ತೋರಿಸಿ ‘ಚೆನ್ನಾಗಿದೆ’ ಎನ್ನಿಸಿಕೊಳ್ಳಬೇಡಿ. ಬಸ್ ನಿಲ್ದಾಣದ ಬೆಂಚಿಗೆ ತನ್ನಿ. ಮಧ್ಯಾಹ್ನದ ಬಿಸಿಲು, ಒಂದು ಕೈಯಲ್ಲಿ ಚೀಲ, ಹಿಂದೆ ಅನೌನ್ಸ್‌ಮೆಂಟ್, ಹೋಗಿ ಬರುವ ನೆಟ್‌ವರ್ಕ್. ಕೆಲಸ ಕೊಟ್ಟು ಸುಮ್ಮನಿರಿ. ಎರಡನೆಯ ಸುತ್ತಿನ ನಿಯಮವೇ ಇಲ್ಲಿಗೂ. ಬೆರಳು ಎಲ್ಲಿ ನಿಂತಿತು, ತಲೆ ಎತ್ತಿ ನಿಮ್ಮ ಮುಖ ಎಲ್ಲಿ ನೋಡಿದರು, ಅದೇ ನಾಲ್ಕು ಸಾಲಿನಲ್ಲಿ ಬರೆಯಿರಿ.

ಬಿಸಿಲಿನಲ್ಲಿ ಕನ್ನಡ ಅಕ್ಷರಗಳನ್ನು ಮುದ್ದಾಂ ನೋಡಿ. ಇಂಗ್ಲಿಷಿಗೆ ಅಳತೆ ಮಾಡಿದ ಸಾಲಿನ ಎತ್ತರದಲ್ಲಿ ಕನ್ನಡ ಹಾಕಿದರೆ ಒತ್ತಕ್ಷರದ ಬುಡ ಕತ್ತರಿಸಿಹೋಗುತ್ತದೆ. ‘ಚಿಕ್ಕಪೇಟೆ’, ‘ರಾಷ್ಟ್ರೀಯ’ ಎಂಬ ಎರಡು ಪದ ಹಾಕಿ ನೋಡಿದರೆ ಸಾಕು, ಗೊತ್ತಾಗುತ್ತದೆ. ಬಟನ್ನಿನಲ್ಲಿ ಕನ್ನಡ ಪದ ಇಂಗ್ಲಿಷಿಗಿಂತ ಉದ್ದವಾಗುವುದೂ ಮಾಮೂಲು. ಪದವನ್ನು ಕೊಯ್ಯಬೇಡಿ, ಬಟನ್ ಅಗಲ ಮಾಡಿ.

## ಎಚ್ಚರಿಕೆಯ ಚಿಹ್ನೆಗಳು

ಪುಸ್ತಕದಲ್ಲಿ ಗುಣವಾಚಕಗಳು ಹೆಚ್ಚಿ ಕ್ರಿಯಾಪದಗಳು ಕಡಿಮೆಯಾಗಿದ್ದರೆ ನೀವು ಪ್ರವಾಸ ಮಾಡಿದ್ದೀರಿ. ಹಂತ 4ಕ್ಕೆ ಹಿಂದಿರುಗಿ.

ಫೋಟೊಗಳ ಸಂಖ್ಯೆ ಟಿಪ್ಪಣಿಗಳಿಗಿಂತ ಹೆಚ್ಚಿದ್ದರೂ ಅಷ್ಟೇ. ಫೋಟೊ ಬೇಕೇ ಬೇಕಾದರೆ ಬೋರ್ಡು, ತಿರುವು, ನೆಲದ ಗುರುತುಗಳದ್ದು ತೆಗೆಯಿರಿ. ಮುಖ ಬಂದರೆ ಮೊದಲು ಕೇಳಿ. ಮೆಟ್ರೊ, ರೈಲು ನಿಲ್ದಾಣದೊಳಗೆ ತೆಗೆಯಬಹುದೇ ಎಂದು ಅಲ್ಲಿನ ಸಿಬ್ಬಂದಿಯನ್ನು ವಿಚಾರಿಸಿ.

ಮಾರ್ಕೆಟ್ ಒಳಗೆ ಬರೆಯುತ್ತ ದಾರಿ ಮಧ್ಯೆ ನಿಲ್ಲಬೇಡಿ. ತಲೆಯ ಮೇಲೆ ಮೂಟೆ ಹೊತ್ತವರು ‘ಸೈಡು, ಸೈಡು’ ಎಂದು ಕೂಗಿಕೊಂಡೇ ಬರುತ್ತಾರೆ, ಅವರಿಗೆ ನಿಲ್ಲುವ ಅನುಕೂಲ ಇರುವುದಿಲ್ಲ. ಮಳೆಗಾಲದಲ್ಲಿ ಚರಂಡಿಯ ಚಪ್ಪಡಿ ನಂಬಿ ಕಾಲಿಡಬೇಡಿ. ರಾತ್ರಿಯ ಸುತ್ತಿಗೆ ಒಬ್ಬೊಬ್ಬರೇ ಹೋಗುವುದು ಬೇಡ. ತಂಡದ ಹೆಣ್ಣುಮಕ್ಕಳಿಗೆ ಯಾವ ದಾರಿ, ಯಾವ ಹೊತ್ತು ಸರಿ ಎಂಬುದನ್ನು ಅವರೇ ನಿರ್ಧರಿಸಲಿ. ಅವರು ಬೇಡವೆಂದು ಬಿಟ್ಟ ದಾರಿಯನ್ನೂ ಪುಸ್ತಕದಲ್ಲಿ ಬರೆದುಕೊಳ್ಳಿ. ರಾತ್ರಿ ಹನ್ನೊಂದರ ಬಸ್ಸಿಗೆ ಹತ್ತುವ ಸ್ಥಳ ಆರಿಸುವಾಗ ನಿಮ್ಮ ಬಳಕೆದಾರರಲ್ಲಿ ಹಲವರು ಇದೇ ಲೆಕ್ಕ ಹಾಕುತ್ತಿರುತ್ತಾರೆ.

ಕೊನೆಯದು, ಟಿಪ್ಪಣಿಗಳೆಲ್ಲ ನೀವು ಮೊದಲೇ ಮಾಡಬೇಕೆಂದಿದ್ದ ಬದಲಾವಣೆಗಳನ್ನೇ ಸಮರ್ಥಿಸುತ್ತಿದ್ದರೆ ಅನುಮಾನಪಡಿ. ಪ್ರಶ್ನೆ ಬರೆದ ಮೊದಲ ಪುಟವನ್ನು ಮಾತ್ರ ಹರಿದು ಸಹೋದ್ಯೋಗಿಯೊಬ್ಬರ ಕೈಗಿಟ್ಟು, ನಿಮ್ಮ ಟಿಪ್ಪಣಿ ತೋರಿಸದೆ, ಅದೇ ದಾರಿಗೆ ಬೇರೆ ಹೊಸಬರ ಜೊತೆ ಕಳಿಸಿ. ಇಬ್ಬರ ಪುಸ್ತಕದಲ್ಲೂ ಇರುವ ನಿಂತ ಜಾಗಗಳಿಂದ ಕೆಲಸ ಶುರುಮಾಡಿ.